ಬೈಕರ್: ಕೆಡವುವ ಮುಂಚಿನ ಓಣಿಗಳು

ಸಿರ್ಕಾ-ಲೀಸಾ ಕೊಂಟಿನೆನ್ 1969ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ಗೆ ಬಂದಾಗ ಅವರಿಗೆ ಇಪ್ಪತ್ತರ ಆಸುಪಾಸು. ಹುಟ್ಟಿದ್ದು ಫಿನ್ಲೆಂಡಿನಲ್ಲಿ, ಸಿನಿಮಾ ಓದಿದ್ದು ಲಂಡನ್ನಿನಲ್ಲಿ. ಅಲ್ಲಿ ಗೆಳೆಯರೊಂದಿಗೆ ಕಟ್ಟಿದ ‘ಆಂಬರ್’ ತಂಡ ದುಡಿಯುವ ಜನರ ಬದುಕನ್ನು ದಾಖಲಿಸಲೆಂದು ಉತ್ತರಕ್ಕೆ ಹೊರಟಿತ್ತು. ಟೈನ್ ನದಿಯತ್ತ ಇಳಿಯುವ ಗುಡ್ಡದ ಮೇಲೆ ಗೋಡೆಗೆ ಗೋಡೆ ತಾಗಿಸಿ ನಿಂತ ಇಟ್ಟಿಗೆ ಮನೆಗಳ ಸಾಲನ್ನು ಕಂಡ ಅವರು ಅಲ್ಲೇ ಮನೆ ಹಿಡಿದರು. ಆ ಕೇರಿಯ ಹೆಸರು ಬೈಕರ್. ಅದನ್ನು ನೆಲಸಮ ಮಾಡುವ ತೀರ್ಮಾನ ಅಷ್ಟರಲ್ಲಾಗಲೇ ಆಗಿಹೋಗಿತ್ತು.

ಹಡಗುಕಟ್ಟೆ, ಕಾರ್ಖಾನೆಗಳಲ್ಲಿ ದುಡಿಯುವವರ ಕೇರಿ ಅದು. ಎಷ್ಟೋ ಮನೆಗಳಲ್ಲಿ ಬಚ್ಚಲಿರಲಿಲ್ಲ, ಕಕ್ಕಸು ಹಿತ್ತಲಲ್ಲಿ. ಹಿಂದಿನ ಓಣಿಯಲ್ಲಿ ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗಗಳ ಮೇಲೆ ಬಟ್ಟೆ ಒಣಗುತ್ತಿತ್ತು. ನಗರಸಭೆಗೆ ಅವು ವಾಸಕ್ಕೆ ಯೋಗ್ಯವಲ್ಲದ ಮನೆಗಳು. ಕೊಂಟಿನೆನ್‌ಗೆ ಅಕ್ಕಪಕ್ಕದ ಮನೆಗಳು.

ಏಳು ವರ್ಷ ಅವರು ಅಲ್ಲೇ ಬಾಳಿದರು. ಆ ಚಿತ್ರಗಳ ಜೀವಾಳ ಇರುವುದು ಇಲ್ಲಿಯೇ. ಒಂದು ಮಧ್ಯಾಹ್ನ ಬಂದು ಬಡತನವನ್ನು ಕ್ಲಿಕ್ಕಿಸಿಕೊಂಡು ಹೋಗುವವರಿಗೆ ಈ ಮುಖಗಳು ಹೀಗೆ ತೆರೆದುಕೊಳ್ಳುತ್ತಿರಲಿಲ್ಲ. ಖಾಲಿ ಬಿದ್ದಿದ್ದ ಒಂದು ಹೇರ್‌ಡ್ರೆಸಿಂಗ್ ಅಂಗಡಿಯಲ್ಲಿ ಸ್ಟುಡಿಯೊ ತೆರೆದು, ಬಂದವರಿಗೆಲ್ಲ ಪುಕ್ಕಟೆ ಫೋಟೊ ತೆಗೆದುಕೊಟ್ಟರು. 1971ರ ಒಂದು ಚಿತ್ರದಲ್ಲಿ ಹುಡುಗಿಯೊಬ್ಬಳು ಕಿವಿಯಂಥ ಎರಡು ಹಿಡಿಗಳಿರುವ ದೊಡ್ಡ ರಬ್ಬರ್ ಚೆಂಡನ್ನೇರಿ ಬೀದಿಯಲ್ಲಿ ಕುಪ್ಪಳಿಸುತ್ತಾಳೆ. ಅದೇ ವರ್ಷದ ಇನ್ನೊಂದರಲ್ಲಿ ಸೇತುವೆಯ ಬಳಿ ಮಕ್ಕಳು, ಜೊತೆಗೆ ಅವರು ಹೆಕ್ಕಿ ತಂದ ಹಳೇ ಸಾಮಾನು. ಬಣ್ಣವಿಲ್ಲದ ಆ ಚಿತ್ರಗಳಲ್ಲಿ ಕೇರಿ ಅಳುತ್ತಾ ಕೂತಿಲ್ಲ.

ಹೊಸ ಬೈಕರ್ ಕಟ್ಟುವ ಹೊಣೆ ವಾಸ್ತುಶಿಲ್ಪಿ ರಾಲ್ಫ್ ಅರ್‌ಸ್ಕಿನ್ ಅವರದಾಯಿತು. ಅವರ ಉದ್ದೇಶ ಒಳ್ಳೆಯದೇ. ಶವಸಂಸ್ಕಾರದ ವ್ಯವಸ್ಥೆ ಮಾಡುತ್ತಿದ್ದವರ ಹಳೆಯ ಅಂಗಡಿಯೊಂದನ್ನು ಕಚೇರಿ ಮಾಡಿಕೊಂಡು, ಜನ ಯಾವಾಗ ಬೇಕಾದರೂ ಒಳಬರಲೆಂದು ಬಾಗಿಲು ತೆರೆದಿಟ್ಟರು. ಬೈಕರ್ ಬೈಕರಿನವರಿಗೇ ಎಂಬುದು ಆಗಿನ ಘೋಷಣೆ. ವಾಹನಗಳ ಸದ್ದು ಮತ್ತು ಉತ್ತರದ ಗಾಳಿಗೆ ಅಡ್ಡವಾಗಿ, ಹೊರಗಡೆ ಪುಟ್ಟ ಕಿಟಕಿಗಳು, ಒಳಗಡೆ ಬಾಲ್ಕನಿಗಳಿರುವ ಉದ್ದನೆಯ ವಸತಿ ಗೋಡೆ ಎದ್ದಿತು. ಆದರೆ ಕೆಡವಿದ ಬೀದಿಗಳ ಜನ ಹೊಸ ಮನೆ ಸಿದ್ಧವಾಗುವವರೆಗೆ ಎಲ್ಲಿ ಕಾಯಬೇಕು? ಚದುರಿದರು. ಕೊನೆಗೆ ಅಲ್ಲಿ ಉಳಿದವರು ಐದರಲ್ಲಿ ಒಂದು ಪಾಲಿಗೂ ಕಡಿಮೆ. ಮನೆಗಳನ್ನು ಹೊಸದಾಗಿ ಕಟ್ಟಬಹುದು, ನೆರೆಹೊರೆಯನ್ನು ನಕ್ಷೆ ಹಾಕಿ ಕಟ್ಟಲಾಗದು ಎಂಬುದನ್ನು ಬೈಕರಿನಷ್ಟು ಸ್ಪಷ್ಟವಾಗಿ ತೋರಿಸಿದ ಊರು ಅಪರೂಪ.

ಕೊಂಟಿನೆನ್ ಅವರ ಮನೆಯೂ ಉರುಳಿತು. ಆಮೇಲೂ ಅವರು ಹಳೆಯ ನೆರೆಯವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದರು, ಚಿತ್ರ ತೆಗೆದರು. 1983ರಲ್ಲಿ ‘ಬೈಕರ್’ ಪುಸ್ತಕವಾಗಿ ಬಂತು; ಚಿತ್ರಗಳ ಜೊತೆಗೆ ಜನರ ಮಾತೂ ಅದರಲ್ಲಿದೆ.

2003ರಲ್ಲಿ ಮತ್ತೆ ಅಲ್ಲಿಗೆ ಹೋದರು, ಈ ಸಲ ಬಣ್ಣದ ಚಿತ್ರ ತೆಗೆಯಲು. ಆಗಿನ ನಿವಾಸಿಗಳಲ್ಲಿ ಬೇರೆ ಬೇರೆ ದೇಶಗಳಿಂದ ಆಶ್ರಯ ಕೇಳಿ ಬಂದವರೂ ಇದ್ದರು. ತಮ್ಮ ಮನೆಯೊಳಗೆ ಹೇಗೆ ಕಾಣಿಸಿಕೊಳ್ಳಬೇಕೆಂದು ಅವರೂ ಕೊಂಟಿನೆನ್ ಜೊತೆ ಕೂತು ಯೋಚಿಸಿದರು. ಅರ್‌ಸ್ಕಿನ್ ಕಟ್ಟಿದ ಬೈಕರ್ 2007ರಲ್ಲಿ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿತು. ಕೊಂಟಿನೆನ್ ಅವರ ಚಿತ್ರಗಳು, ಆಂಬರ್ ತಂಡದ ಸಿನಿಮಾಗಳು 2011ರಲ್ಲಿ ಯುನೆಸ್ಕೊದ ‘ವಿಶ್ವ ಸ್ಮೃತಿ’ ಯೋಜನೆಯ ಬ್ರಿಟನ್ ಪಟ್ಟಿಗೆ ಸೇರ್ಪಡೆಯಾದವು.