ಸೈಟಿನ ಕಾಗದಗಳ ಹಿಂದಿನ ಬೆಂಗಳೂರು

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆಗಳ ಗಲ್ಲಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು; ಗಾಳಿ ಬೆಳಕಿಗೆ ದಾರಿಯೇ ಇರಲಿಲ್ಲ. ಇಲಿ ಬಿದ್ದ ಮನೆ ಬಿಟ್ಟು ಜನ ಊರಾಚೆ ಶೆಡ್ಡು ಹಾಕಿಕೊಂಡರು. ಆ ಸಂಕಟದಲ್ಲಿ ಮೈಸೂರು ಸರ್ಕಾರ ಕೈಗೆತ್ತಿಕೊಂಡ ಬಡಾವಣೆಗಳೇ ಬಸವನಗುಡಿ ಮತ್ತು ಮಲ್ಲೇಶ್ವರ. ಕೆಲವೇ ವರ್ಷ ಹಿಂದೆ, 1892ರಲ್ಲಿ, ಚಾಮರಾಜಪೇಟೆ ಅದೇ ಬಗೆಯಲ್ಲಿ ಎದ್ದಿತ್ತು. ನೇರ ರಸ್ತೆ, ಅಡ್ಡರಸ್ತೆ, ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ, ಅಳೆದು ಗುರುತು ಹಾಕಿದ ನಿವೇಶನ. ಅಜ್ಜ ಕಟ್ಟಿದ ಮನೆಯಲ್ಲಿ ಮೊಮ್ಮಕ್ಕಳು ಬಾಳುವುದೇ ರೂಢಿಯಾಗಿದ್ದ ಊರಿನಲ್ಲಿ, ನಂಬರು ಬಿದ್ದ ಸೈಟೊಂದನ್ನು ಪಡೆದು ಮನೆ ಕಟ್ಟುವ ಗುಮಾಸ್ತರು, ಮೇಷ್ಟ್ರು, ವಕೀಲರ ಸಂಸಾರಗಳು ಹೀಗೆ ಶುರುವಾದವು.

ಆಮೇಲಿನ ನೂರಿಪ್ಪತ್ತೈದು ವರ್ಷದಲ್ಲಿ ಸೈಟಿನ ಜೊತೆಗೆ ಕಾಗದದ ಕಟ್ಟೂ ಬೆಳೆಯಿತು. ಇವತ್ತು ಮೊದಲ ಸಲ ಮನೆ ಕೊಳ್ಳಲು ಹೊರಟ ಗಂಡಹೆಂಡಿರ ಕೈಗೆ ವಕೀಲರು ಒಂದು ಪಟ್ಟಿ ಕೊಡುತ್ತಾರೆ: ಮೂಲಪತ್ರಗಳು, ಇ.ಸಿ., ಖಾತೆ, ಕಂದಾಯದ ರಸೀತಿ, ಭೂ ಪರಿವರ್ತನೆಯ ಆದೇಶ, ವಂಶವೃಕ್ಷ, ಮಂಜೂರಾದ ನಕ್ಷೆ, ಓ.ಸಿ., ರೇರಾ ಸಂಖ್ಯೆ. ನೋಡಿದವರಿಗೆ ತಲೆ ಸುತ್ತುವುದು ಸಹಜ. ಆದರೆ ಇದರಲ್ಲಿ ಹೆಚ್ಚಿನವು ಹಿಂದೆ ಯಾರೋ ಮೋಸಹೋದ ಮೇಲೆ, ಮನೆ ಕಳೆದುಕೊಂಡ ಮೇಲೆ ಸೇರಿದ ಕಾಗದಗಳು. ಆ ಹಿನ್ನೆಲೆ ತಿಳಿದರೆ ಯಾವ ಕಾಗದದಲ್ಲಿ ಏನನ್ನು ಹುಡುಕಬೇಕು ಎಂಬುದೂ ತಿಳಿಯುತ್ತದೆ.

ನೆಲದ ಪತ್ರ ಪ್ಲೇಗಿಗಿಂತ ಎಷ್ಟೋ ಹಳೆಯದು. ವಿಜಯನಗರ ಕಾಲದ ಶಾಸನಗಳಲ್ಲಿ ನೆಲವನ್ನು ಕೊಡುವಾಗ ಚತುಸ್ಸೀಮೆಯನ್ನು ಹೇಳಿ, ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಭೋಗಗಳನ್ನು ಎಣಿಸಿ, ಸೂರ್ಯಚಂದ್ರರಿರುವ ತನಕ ಅನುಭವಿಸಿಕೊಂಡು ಬರುವಂತೆ ಬರೆಸುತ್ತಿದ್ದರು. ಈಗಿನ ಕ್ರಯಪತ್ರದ ಷೆಡ್ಯೂಲಿನಲ್ಲಿ ಆ ಚತುಸ್ಸೀಮೆ ಚಕ್ಕುಬಂದಿಯಾಗಿ ಉಳಿದಿದೆ: ಪೂರ್ವಕ್ಕೆ ಇಂಥವರ ಸ್ವತ್ತು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಇಂಥ ನಂಬರಿನ ನಿವೇಶನ, ದಕ್ಷಿಣಕ್ಕೆ ಇಂಥದ್ದು. ಕೊಳ್ಳುವವರು ಸಾಮಾನ್ಯವಾಗಿ ಓದದೆ ಬಿಡುವುದು ಈ ನಾಲ್ಕು ಸಾಲನ್ನೇ. ಪತ್ರ ಹಿಡಿದು ಸೈಟಿನ ಮಧ್ಯೆ ನಿಂತು, ನಾಲ್ಕು ದಿಕ್ಕೂ ಕಾಗದಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಬೇಕು. ಮಾರುವವರಿಗೆ ಸ್ವತ್ತು ಬಂದ ಹಳೆಯ ಪತ್ರದಲ್ಲೂ ಇದೇ ಚಕ್ಕುಬಂದಿ ಇದೆಯೇ ಎಂದು ಹೋಲಿಸಬೇಕು. ಹಳೇ ಪತ್ರದಲ್ಲಿ ಪಕ್ಕಕ್ಕೆ ಹಳ್ಳವಿದ್ದು ಹೊಸದರಲ್ಲಿ ಅದು ಖಾಲಿ ಜಾಗವಾಗಿದ್ದರೆ ಅಲ್ಲಿಗೇ ನಿಲ್ಲುವುದು ಕ್ಷೇಮ.

ಬ್ರಿಟಿಷರ ಕಾಲದ ಕಾನೂನು ಈ ಪತ್ರವನ್ನು ಸರ್ಕಾರದ ಪುಸ್ತಕಕ್ಕೆ ತಂದಿತು. 1908ರ ನೋಂದಣಿ ಕಾಯ್ದೆಯ ಪ್ರಕಾರ 100 ರೂಪಾಯಿ ಮತ್ತು ಮೇಲ್ಪಟ್ಟ ಸ್ಥಿರಾಸ್ತಿಯ ಕ್ರಯ ನೋಂದಣಿಯಾಗಲೇಬೇಕು. ಆ ಪುಸ್ತಕದಿಂದ ತೆಗೆದುಕೊಡುವುದೇ ಋಣಭಾರ ಪ್ರಮಾಣಪತ್ರ, ಎಲ್ಲರ ಬಾಯಲ್ಲಿ ಇ.ಸಿ. ವ್ಯವಹಾರ ನಡೆದಿದ್ದರೆ ನಮೂನೆ 15ರಲ್ಲಿ, ಏನೂ ನಡೆದಿಲ್ಲದಿದ್ದರೆ ನಮೂನೆ 16ರಲ್ಲಿ ಬರುತ್ತದೆ. ಆನ್‌ಲೈನಿನಲ್ಲಿ ಸಾಮಾನ್ಯವಾಗಿ ಸಿಗುವುದು 2004ರ ಏಪ್ರಿಲಿನಿಂದ ಈಚಿನದು. ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಕೇಳಿ ಪಡೆಯಬೇಕು. ವಕೀಲರು 30 ವರ್ಷದ ಇ.ಸಿ. ಕೇಳುವುದಕ್ಕೆ ಕಾರಣವಿದೆ. ಅಡವಿಟ್ಟ ಆಸ್ತಿಯನ್ನು ಬಿಡಿಸಿಕೊಳ್ಳಲು ಕಾಲಮಿತಿ ಕಾಯ್ದೆ ಕೊಡುವ ಅವಧಿ 30 ವರ್ಷ, ಸರ್ಕಾರ ದಾವೆ ಹೂಡಲು ಇರುವ ಅವಧಿಯೂ ಅಷ್ಟೇ. ಇ.ಸಿ.ಯ ಮಿತಿಯನ್ನೂ ತಿಳಿದಿರಬೇಕು. ನೋಂದಣಿಯಾಗದ ಕರಾರು, ಕೋರ್ಟಿನಲ್ಲಿರುವ ದಾವೆ, ಬಾಯಿಮಾತಿನ ಪಾಲು, ಪೆಟ್ಟಿಗೆಯಲ್ಲಿರುವ ಉಯಿಲು ಇವು ಯಾವುವೂ ಅದರಲ್ಲಿ ಕಾಣುವ ಖಾತರಿಯಿಲ್ಲ. ಆದ್ದರಿಂದಲೇ ಮೂಲಪತ್ರವನ್ನು ಕಣ್ಣಾರೆ ನೋಡಬೇಕು. ಜೆರಾಕ್ಸ್ ಮಾತ್ರ ತೋರಿಸುವವರ ಮೂಲಪತ್ರ ಯಾವುದೋ ಬ್ಯಾಂಕಿನಲ್ಲೋ ಬಡ್ಡಿಯವರ ಬೀರುವಿನಲ್ಲೋ ಇರಬಹುದು.

ಸ್ವಾತಂತ್ರ್ಯದ ಹೊತ್ತಿಗೆ ಸೈಟು ಹಂಚುವ ಕೆಲಸಕ್ಕೆ ಒಂದು ಸಂಸ್ಥೆಯೇ ಬಂತು. 1945ರ ಕಾಯ್ದೆಯಡಿ ನಗರ ಸುಧಾರಣಾ ಟ್ರಸ್ಟ್ ಬೋರ್ಡ್, ಜನರ ಮಾತಿನಲ್ಲಿ ಸಿ.ಐ.ಟಿ.ಬಿ., ಹುಟ್ಟಿತು. 1948ರಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಜಯನಗರಕ್ಕೆ ಅಡಿಗಲ್ಲು ಹಾಕಿದರು. ಅದರ ಗುರುತಾಗಿ ಅಶೋಕ ಸ್ತಂಭ ಇಂದಿಗೂ ನಿಂತಿದೆ. 1976ರ ಕಾಯ್ದೆಯಿಂದ ಸಿ.ಐ.ಟಿ.ಬಿ. ಹೋಗಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿ.ಡಿ.ಎ., ಬಂತು. ತರ್ಟಿ-ಫಾರ್ಟಿ, ಸಿಕ್ಸ್ಟಿ-ಫಾರ್ಟಿ ಎಂಬ ಅಳತೆಗಳು ಮಧ್ಯಮವರ್ಗದ ಜೀವಮಾನದ ಗುರಿಯಾದವು.

ಬಿ.ಡಿ.ಎ. ಸೈಟು ಕೈಗೆ ಬಂದ ಕೂಡಲೇ ಪೂರ್ತಿ ನಿಮ್ಮದಾಗುತ್ತಿರಲಿಲ್ಲ. ಮೊದಲು ಲೀಸ್ ಕಮ್ ಸೇಲ್ ಕರಾರು, ಸಾಮಾನ್ಯವಾಗಿ 10 ವರ್ಷದ್ದು. ಅದು ಮುಗಿದ ಮೇಲೆ ಶುದ್ಧ ಕ್ರಯಪತ್ರ. ಹಂಚಿಕೆಯಾದವರೇ ಮನೆ ಕಟ್ಟಿ ವಾಸಿಸಲಿ, ಸೈಟು ದಲ್ಲಾಳಿಗಳ ಕೈಸೇರದಿರಲಿ ಎಂಬುದು ಅದರ ಉದ್ದೇಶ. ಆದರೆ ಹಣದ ಅಗತ್ಯ ಹತ್ತು ವರ್ಷ ಕಾಯುವುದಿಲ್ಲವಲ್ಲ. ಜನ ಒಳದಾರಿ ಹುಡುಕಿದರು: ಪೂರ್ತಿ ಹಣ ಪಡೆದು, ಮಾರಾಟದ ಕರಾರು ಬರೆದು, ಜಿ.ಪಿ.ಎ. (ಸಾಮಾನ್ಯ ಅಧಿಕಾರ ಪತ್ರ) ಕೊಟ್ಟು, ಜಾಗ ಬಿಟ್ಟುಕೊಡುವುದು. ಜಿ.ಪಿ.ಎ. ಕೊಟ್ಟವರು ತೀರಿಕೊಂಡಾಗ, ಅವರ ಮಕ್ಕಳು ತಮಗೇನೂ ಗೊತ್ತಿಲ್ಲವೆಂದಾಗ ಕೊಂಡವರು ಬೀದಿಗೆ ಬಂದರು. ದೆಹಲಿಯಲ್ಲೂ ಇದೇ ಕಥೆ. ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು ಸ್ಪಷ್ಟವಾಗಿದೆ: ಜಿ.ಪಿ.ಎ., ಕರಾರು, ಉಯಿಲು ಇವುಗಳಿಂದ ಆಸ್ತಿಯ ಒಡೆತನ ಬರುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು. ಹೀಗಿದ್ದೂ ಕಡಿಮೆ ಬೆಲೆಗೆ ಜಿ.ಪಿ.ಎ. ಸೈಟು ಇದೆ ಎಂದು ಹೇಳಿಕೊಂಡು ಬರುವವರು ಈಗಲೂ ಇದ್ದಾರೆ. ಅವರ ಮಾತಿಗೆ ಕಿವಿಗೊಡಬಾರದು.

ಬಿ.ಡಿ.ಎ. ಕೊಡುವ ಸೈಟು ಸಾಲದಾದಾಗ ಗೃಹ ನಿರ್ಮಾಣ ಸಹಕಾರ ಸಂಘಗಳು ಬಂದವು. ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳ ನೌಕರರು, ಬ್ಯಾಂಕಿನವರು, ಸರ್ಕಾರಿ ನೌಕರರು ತಿಂಗಳ ಸಂಬಳದಲ್ಲಿ ಕಂತು ಕಟ್ಟಿ ಸೈಟು ಪಡೆದರು. ಒಳ್ಳೆಯ ಸಂಘಗಳಿಂದ ಎಷ್ಟೋ ಸಂಸಾರ ನೆಲೆ ಕಂಡವು, ಅದನ್ನು ಮರೆಯುವಂತಿಲ್ಲ. ಆದರೆ 1980ರ ದಶಕದಲ್ಲಿ ಕೆಲವು ಸಂಘಗಳು ಮಧ್ಯವರ್ತಿಗಳಿಗೆ ಹಣ ಕೊಟ್ಟು ಸರ್ಕಾರದಿಂದ ರೈತರ ಭೂಮಿ ಸ್ವಾಧೀನ ಮಾಡಿಸಿಕೊಂಡವು. ಎಚ್.ಎಂ.ಟಿ. ನೌಕರರ ಗೃಹ ನಿರ್ಮಾಣ ಸಂಘದ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಅಂಥ ಸ್ವಾಧೀನ ರದ್ದಾದದ್ದನ್ನು ಎತ್ತಿಹಿಡಿದು, ಭೂಮಿಯನ್ನು ಮೂಲ ಮಾಲೀಕರಿಗೆ ಹಿಂದಿರುಗಿಸಲು ಹೇಳಿತು. ಸಂಘದ ಬಡಾವಣೆಯಲ್ಲಿ ಮನೆ ಕೊಳ್ಳುವವರು ಸಂಘದ ಪತ್ರದ ಆಚೆಗೂ ನೋಡಬೇಕು: ಸಂಘಕ್ಕೆ ಭೂಮಿ ಬಂದದ್ದು ಹೇಗೆ, ಬಡಾವಣೆಯ ನಕ್ಷೆಗೆ ಮಂಜೂರಾತಿ ಯಾರದು.

ಇದೇ ಕಾಲಕ್ಕೆ ಊರಿನ ಅಂಚಿನಲ್ಲಿ ರೆವಿನ್ಯೂ ಸೈಟುಗಳು ಎದ್ದವು. ವ್ಯವಸಾಯದ ಜಮೀನನ್ನು ಭೂ ಪರಿವರ್ತನೆ ಮಾಡಿಸದೆ, ನಕ್ಷೆ ಮಂಜೂರು ಮಾಡಿಸದೆ, ಸುಣ್ಣದ ಗೆರೆ ಎಳೆದು ಮಾರಿದ ಸೈಟುಗಳಿವು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿ.ಬಿ.ಎಂ.ಪಿ.) ರಚನೆಯಾದಾಗ ಇಂಥ ಸ್ವತ್ತುಗಳು ರಾಶಿಯಾಗಿ ಪಾಲಿಕೆಯ ಒಳಗೆ ಬಂದವು. ಕಂದಾಯ ವಸೂಲಿಗಾಗಿ ಅವನ್ನು ಬೇರೆ ವಹಿಯಲ್ಲಿ ಬರೆದರು; ಬಿ ಖಾತೆ ಎಂದು ಜನ ಕರೆಯುವುದು ಇದನ್ನೇ. ನಿಯಮ ಮೀರಿದ ಸ್ವತ್ತನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಯನ್ನು ನಂಬಿ ಬಿ ಖಾತೆ ಸೈಟು ಕೊಂಡವರು ಬಹಳ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಎ ಆಗಲಿ ಬಿ ಆಗಲಿ, ಖಾತೆ ಎಂಬುದು ಕಂದಾಯದ ಲೆಕ್ಕ. ಅದರಿಂದ ಒಡೆತನ ಸಾಬೀತಾಗುವುದಿಲ್ಲ.

ಹಳ್ಳಿಯಿಂದ ನಗರಕ್ಕೆ ಸೇರಿದ ನೆಲದಲ್ಲಿ ಇನ್ನೆರಡು ಸಂಗತಿಗಳಿಗೆ ಹೆಚ್ಚು ಎಚ್ಚರ ಬೇಕು. ಒಂದು, ಮನೆಯ ಹೆಣ್ಣುಮಕ್ಕಳ ಪಾಲು. ಕರ್ನಾಟಕ ತನ್ನದೇ ತಿದ್ದುಪಡಿಯಿಂದ 1994ರಲ್ಲಿ, ಕೇಂದ್ರ 2005ರಲ್ಲಿ, ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟವು. ಇದು ನ್ಯಾಯವಾದ, ತಡವಾಗಿ ಬಂದ ಹಕ್ಕು. ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿದ ಪಿತ್ರಾರ್ಜಿತ ಆಸ್ತಿಯ ಕ್ರಯ ಮುಂದೆ ಕೋರ್ಟು ಹತ್ತುವುದು ಇದರಿಂದ. ವಂಶವೃಕ್ಷ ತೆರೆದು, ಮದುವೆಯಾಗಿ ಹೋದವರೂ ಸೇರಿ ಪ್ರತಿ ಮಗಳ ಹೆಸರೂ ಸಹಿಯೂ ಇದೆಯೇ ಎಂದು ನೋಡುವುದು ಕೊಳ್ಳುವವರ ಕೆಲಸ. ಎರಡು, ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಜಮೀನು. ಬಡತನಕ್ಕೆ ಸಿಕ್ಕಿ ಅವರು ಅದನ್ನು ಚಿಲ್ಲರೆ ಬೆಲೆಗೆ ಕಳೆದುಕೊಳ್ಳುತ್ತಿದ್ದುದನ್ನು ತಡೆಯಲು 1978ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ನಿಯಮ ಮೀರಿ ಪರಭಾರೆಯಾದ ಭೂಮಿಯನ್ನು ಮಂಜೂರಿದಾರರ ಕುಟುಂಬಕ್ಕೆ ಮರಳಿಸುವ ಅಧಿಕಾರ ಅದರಲ್ಲಿದೆ. ಮೂಲದಲ್ಲಿ ಮಂಜೂರಾತಿ ಇದ್ದರೆ ಸಾಗುವಳಿ ಚೀಟಿಯ, ಅಂದರೆ ಮಂಜೂರಾತಿ ಪತ್ರದ, ಷರತ್ತುಗಳನ್ನು ಓದದೆ ಮುಂಗಡ ಕೊಡಬಾರದು.

ಕಾಗದವೆಲ್ಲ ಸರಿಯಿದ್ದೂ ಮನೆ ಉಳಿಯಲಿಲ್ಲ ಎಂಬುದಕ್ಕೆ 2016ರ ಆಗಸ್ಟ್ ಸಾಕ್ಷಿ. ಬೆಂಗಳೂರಿನ ದಕ್ಷಿಣದ ಅವನಿ ಶೃಂಗೇರಿ ನಗರದಲ್ಲಿ ಮಳೆನೀರು ಹರಿಯುವ ರಾಜಕಾಲುವೆಯ ಒತ್ತುವರಿ ತೆರವಿಗೆ ಜೆ.ಸಿ.ಬಿ.ಗಳು ಬಂದಾಗ, ಅಲ್ಲಿನ ನಿವಾಸಿಗಳು ಕ್ರಯಪತ್ರ, ಖಾತೆ, ಕಂದಾಯದ ರಸೀತಿ ಹಿಡಿದು ನಿಂತಿದ್ದರು. ಅಧಿಕಾರಿಗಳ ಕೈಯಲ್ಲಿದ್ದುದು ಹಳೆಯ ಗ್ರಾಮ ನಕ್ಷೆ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಆ ಪರಂಪರೆಯ ನಕ್ಷೆಗಳಲ್ಲಿ ಕೆರೆ, ಕಾಲುವೆ, ಗೋಮಾಳ, ಗುಂಡುತೋಪು ಎಲ್ಲಿದ್ದವು ಎಂಬ ಗುರುತಿದೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾದ, ಸಂಪಂಗಿ ಕೆರೆ ಕ್ರೀಡಾಂಗಣವಾದ ಊರಿದು. ನೀರಿನ ದಾರಿ ಕಣ್ಣಿಗೆ ಕಾಣದೇ ಇರಬಹುದು. ಮಂಜೂರಾತಿ ಕೊಟ್ಟ ಕಚೇರಿಗಳ ತಪ್ಪಿಗೆ ಮನೆಯವರು ದಂಡ ತೆತ್ತದ್ದು ಅನ್ಯಾಯವೇ. ಸರ್ವೆ ನಂಬರು ತಿಳಿದುಕೊಂಡು ಗ್ರಾಮ ನಕ್ಷೆಯ ಪ್ರತಿ ತರಿಸಿ, ಪರವಾನಗಿ ಪಡೆದ ಸರ್ವೆಯರಿಂದ ಅಳತೆ ಮಾಡಿಸುವ ಖರ್ಚು ಮನೆಯ ಬೆಲೆಯ ಮುಂದೆ ಏನೂ ಅಲ್ಲ.

ಛಾಪಾ ಕಾಗದವೇ ಸುಳ್ಳಾದ ಕಾಲವೂ ಇತ್ತು. ಖಾನಾಪುರದ ಅಬ್ದುಲ್ ಕರೀಂ ತೆಲಗಿ 2001ರಲ್ಲಿ ಸಿಕ್ಕಿಬಿದ್ದಾಗ, ನಕಲಿ ಛಾಪಾ ಕಾಗದ ಹಲವು ರಾಜ್ಯಗಳಿಗೆ ಹರಡಿತ್ತು. ಇ-ಸ್ಟಾಂಪಿಂಗ್ ಬಂದದ್ದರ ಹಿಂದೆ ಆ ಹಗರಣದ ಪಾಠವಿದೆ. ನೋಂದಣಿ ಕಚೇರಿಗೆ 2003ರ ಸುಮಾರಿಗೆ ನೋಂದಣಿಯನ್ನು ಕಂಪ್ಯೂಟರಿನಲ್ಲಿ ಮಾಡುವ ಕಾವೇರಿ ತಂತ್ರಾಂಶವೂ ಬಂತು.

ಫ್ಲ್ಯಾಟುಗಳ ಕಥೆ ಬೇರೆ. 1972ರಲ್ಲೇ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನಕ್ಕೆ ಕಾಯ್ದೆ ಮಾಡಿತ್ತು, ಆದರೆ ಬಿಲ್ಡರು ಕೊಟ್ಟ ಮಾತಿಗೆ ಹೊಣೆ ಹೊರಿಸುವವರು ಇರಲಿಲ್ಲ. ಒಂದು ಯೋಜನೆಯ ಹಣ ಇನ್ನೊಂದರ ಜಮೀನಿಗೆ ಹೋಗುತ್ತಿತ್ತು. ಕೊಂಡವರು ಒಂದು ಕೈಯಲ್ಲಿ ಬಾಡಿಗೆ, ಇನ್ನೊಂದು ಕೈಯಲ್ಲಿ ಸಾಲದ ಕಂತು ಕಟ್ಟುತ್ತ ವರ್ಷಗಟ್ಟಲೆ ಕಾಯುತ್ತಿದ್ದರು. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾ, ಇದಕ್ಕೆ ಕಡಿವಾಣ ಹಾಕಿತು. ಕೊಳ್ಳುವವರಿಂದ ಬಂದ ಹಣದ ಶೇ 70ರಷ್ಟನ್ನು ಬೇರೆ ಖಾತೆಯಲ್ಲಿಟ್ಟು ಅದೇ ಯೋಜನೆಗೆ ಬಳಸಬೇಕು. ಕರಾರು ನೋಂದಣಿಯಾಗುವ ಮುಂಚೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದವರೆಗೆ ಬಿಲ್ಡರೇ ಸರಿಪಡಿಸಬೇಕು. ಆದರೆ 500 ಚದರ ಮೀಟರ್ ಮೀರದ ಜಾಗದ ಅಥವಾ 8 ಫ್ಲ್ಯಾಟ್ ಮೀರದ ಯೋಜನೆಗೆ ರೇರಾ ನೋಂದಣಿ ಬೇಕಿಲ್ಲ. ಗಲ್ಲಿಯೊಳಗಿನ ಪುಟ್ಟ ಅಪಾರ್ಟ್‌ಮೆಂಟ್ ಕೊಳ್ಳುವವರು ಇದನ್ನು ನೆನಪಿಡಬೇಕು.

ಓ.ಸಿ.ಯನ್ನು, ಅಂದರೆ ಸ್ವಾಧೀನಾನುಭವ ಪತ್ರವನ್ನು, ಬೆಂಗಳೂರು ಬಹುಕಾಲ ಹಗುರವಾಗಿ ಕಂಡಿತು. ಕಟ್ಟಡ ಮಂಜೂರಾದ ನಕ್ಷೆಯಂತೆಯೇ ಎದ್ದಿದೆ ಎಂದು ಹೇಳುವ ಪತ್ರವದು. ಅದಿಲ್ಲದೆಯೇ ಜನ ಗೃಹಪ್ರವೇಶ ಮಾಡುತ್ತಿದ್ದರು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಓ.ಸಿ. ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು ಎಂದಿತು. ಮರುವರ್ಷ ಕರ್ನಾಟಕದಲ್ಲಿ ಕಟ್ಟಿ ಮುಗಿದ ಎಷ್ಟೋ ಮನೆಗಳು ಕರೆಂಟಿಗೆ ಕಾದು ನಿಂತವು.

ಹಣದ ಲೆಕ್ಕವೂ ಬದಲಾಗಿದೆ. ಎಚ್.ಡಿ.ಎಫ್.ಸಿ. 1977ರಲ್ಲಿ ಹುಟ್ಟುವ ಮುಂಚೆ ಮನೆ ಕಟ್ಟಿದವರು ಪಿ.ಎಫ್. ಹಣ, ಎಲ್.ಐ.ಸಿ. ಸಾಲ, ಹೆಂಡತಿಯ ಒಡವೆ ನಂಬಿಕೊಂಡಿದ್ದರು. ಈಗ ಬ್ಯಾಂಕ್ ಸಾಲ ಸುಲಭ, ಆದರೆ ಬ್ಯಾಂಕಿನ ವಕೀಲರು ಪತ್ರ ನೋಡುವುದು ಬ್ಯಾಂಕಿನ ಹಣದ ಭದ್ರತೆಗೆ. ಕೊಳ್ಳುವವರು ತಮ್ಮದೇ ವಕೀಲರನ್ನು ಹಿಡಿಯಬೇಕು. ಬೆಲೆಯ ಮೇಲಿನ ಖರ್ಚನ್ನೂ ಮೊದಲೇ ತೆಗೆದಿಡಬೇಕು. 2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. 60 ಲಕ್ಷದ ಮನೆಗೆ ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್‌ಚಾರ್ಜ್, ಈ ನೋಂದಣಿ ಶುಲ್ಕ ಎಲ್ಲ ಸೇರಿ ನಗರದಲ್ಲಿ ಸುಮಾರು ನಾಲ್ಕೂವರೆ ಲಕ್ಷ ಬೇಕು. ಬೆಲೆ 50 ಲಕ್ಷ ಮುಟ್ಟಿದರೆ ಶೇ 1ರಷ್ಟು ಟಿ.ಡಿ.ಎಸ್. ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆಯೂ ಕೊಳ್ಳುವವರದೇ.

ನೋಂದಣಿ ಮುಗಿದ ದಿನ ಸಿಹಿ ಹಂಚಿ, ಪತ್ರವನ್ನು ಬೀರುವಿನಲ್ಲಿಟ್ಟು ಮರೆಯುವವರು ಬಹಳ. ಖಾತೆ ತಮ್ಮ ಹೆಸರಿಗೆ ಬದಲಾಗಿದೆಯೇ ಎಂದು ಖಚಿತ ಮಾಡಿಕೊಳ್ಳಿ, ಕರೆಂಟು ಮತ್ತು ನೀರಿನ ಬಿಲ್ಲುಗಳ ಹೆಸರು ಬದಲಿಸಿಕೊಳ್ಳಿ, ಆ ವರ್ಷದ ಕಂದಾಯವನ್ನು ನಿಮ್ಮ ಹೆಸರಿನಲ್ಲೇ ಕಟ್ಟಿ ರಸೀತಿ ತೆಗೆದಿಡಿ. ಕೆಲವು ತಿಂಗಳ ಬಳಿಕ ಇನ್ನೊಮ್ಮೆ ಇ.ಸಿ. ತೆಗೆಸಿ, ಅದರಲ್ಲಿ ನಿಮ್ಮ ಕ್ರಯ ದಾಖಲಾಗಿದೆಯೇ ಎಂದು ನೋಡಿ.