ಶಾರ್ಙ್ಗಪಾಣಿಯ ಬಿಲ್ಲು

ಮೂವತ್ತಮೂರು ವರ್ಷ ನಾನು ಪ್ರೌಢಶಾಲೆಯಲ್ಲಿ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಬೋಧಿಸಿದೆ. ಸಮಾಸ ಪ್ರಕರಣ ಬಂದಾಗಲೆಲ್ಲ ‘ಶಾರ್ಙ್ಗಪಾಣಿ’ ಎಂಬ ಪದವನ್ನು ಕರಿಹಲಗೆಯ ಮೇಲೆ ಬರೆದು, “ಶಾರ್ಙ್ಗವು ಪಾಣಿಯಲ್ಲಿ ಆವನಿಗೋ ಅವನು, ವಿಷ್ಣು, ಬಹುವ್ರೀಹಿ” ಎಂದು ಹೇಳಿ ಮುಂದಿನ ಉದಾಹರಣೆಗೆ ಹೋಗುತ್ತಿದ್ದೆ. ಶಾರ್ಙ್ಗವೆಂದರೇನೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಗೊತ್ತಿದ್ದರೆ ತಾನೆ ಹೇಳುವುದು! ಶೃಂಗವೆಂದರೆ ಕೊಂಬು, ಶಾರ್ಙ್ಗವೆಂದರೆ ಕೊಂಬಿನಿಂದಾದದ್ದು. ವಿಷ್ಣುವಿನ ಕೈಯಲ್ಲಿರುವುದು ಕೊಂಬಿನ ಬಿಲ್ಲು. ಇದನ್ನು ನಾನು ಅರಿತದ್ದು ನಿವೃತ್ತನಾದ ಮೇಲೆ, ಅದೂ ನನ್ನಿಂದ ಒಬ್ಬ ಹಳೆಯ ಶಿಷ್ಯನಿಗಾದ ತೊಂದರೆಯ ದೆಸೆಯಿಂದ.

ಆತ ಅಮೆರಿಕದಲ್ಲಿದ್ದಾನೆ. (ಹೆಸರು ಬೇಡ; ನಿಮ್ಮಲ್ಲಿ ಕೆಲವರು ಹೇಗೂ ಊಹಿಸುತ್ತೀರಿ.) ಅಲ್ಲಿ ಬಿಡುವಿನ ವೇಳೆಯಲ್ಲಿ ಬಿಲ್ಲುಗಾರಿಕೆ ಕಲಿತಿದ್ದ. ಅವನದು ಕಾಂಪೌಂಡ್ ಬಿಲ್ಲು, ಅಂದರೆ ತುದಿಗಳಲ್ಲಿ ರಾಟೆಗಳಿರುವ, ಮಿಸ್ಸೌರಿಯ ಹಾಲೆಸ್ ವಿಲ್ಬರ್ ಅಲೆನ್ ಎಂಬಾತ 1969ರಲ್ಲಿ ಪೇಟೆಂಟ್ ಪಡೆದ ಯಂತ್ರದಂಥ ಬಿಲ್ಲು. ಒಮ್ಮೆ ಪತ್ರ ಬರೆದ: “ಸಾರ್, ಈ ರಾಟೆಗಳ ಸಹವಾಸ ಸಾಕಾಗಿದೆ. ಬರಿಯ ಕಣ್ಣು, ಬರಿಯ ಬೆರಳುಗಳಿಂದ ಹೊಡೆಯುವ ಹಳೆಯ ಪದ್ಧತಿಗೆ ಬರಬೇಕೆಂದಿದ್ದೇನೆ. ರಿಕರ್ವ್ ಬಿಲ್ಲು ಕೊಳ್ಳುತ್ತೇನೆ. ಈಗ ಎಳೆಯುತ್ತಿರುವುದು 55 ಪೌಂಡು. ಇಲ್ಲಿನ ಹಿರಿಯರು 30 ಪೌಂಡಿನ ಬಿಲ್ಲು ಸಾಕೆನ್ನುತ್ತಾರೆ. ನನಗೆ ನಾಚಿಕೆಯೆನಿಸುತ್ತದೆ. ನಮ್ಮ ಪುರಾಣದವರು ಎಷ್ಟು ಎಳೆಯುತ್ತಿದ್ದರು?”

ನನಗೆ ಎಲ್ಲಿಲ್ಲದ ಉತ್ಸಾಹ ಬಂದಿತು. ಮಿಥಿಲೆಯ ಶಿವಧನುಸ್ಸು, ದ್ರುಪದನ ಸಭೆಯ ಬಿಲ್ಲು ಎಂದು ಎರಡು ಪುಟ ಬರೆದು ಕಳುಹಿಸಿದೆ. ತೂಕದ ವಿಷಯದಲ್ಲಿ ಒಂದು ಮಾತೂ ಬರೆಯಲಿಲ್ಲ. ಆತ ಅದನ್ನು ಗುರುವಿನ ಆಶೀರ್ವಾದವೆಂದು ಭಾವಿಸಿ 50 ಪೌಂಡಿನ ಬಿಲ್ಲನ್ನೇ ಕೊಂಡ. ಮೂರನೆಯ ವಾರಕ್ಕೆ ಭುಜ ಹಿಡಿಯಿತು. ಐದು ತಿಂಗಳು ತನ್ನ ಮಗುವನ್ನು ಬಲಗೈಯಲ್ಲಿ ಎತ್ತಿಕೊಳ್ಳಲಾಗಲಿಲ್ಲ.

ತಪ್ಪು ಅಂಕಿಯಲ್ಲಿತ್ತು. ಕಾಂಪೌಂಡ್ ಬಿಲ್ಲಿನಲ್ಲಿ ಹೆದೆಯನ್ನು ಪೂರ್ತಿ ಎಳೆದಾಗ ರಾಟೆಗಳು ತಿರುಗಿ ಭಾರದ ಬಹುಪಾಲನ್ನು ತಾವೇ ಹೊರುತ್ತವೆ. ಮುಕ್ಕಾಲು ಭಾಗ ಇಳಿಯಿತೆಂದರೆ, 55 ಪೌಂಡಿನ ಬಿಲ್ಲನ್ನು ಎಳೆದು ನಿಂತವನ ಬೆರಳಿಗೆ ಉಳಿಯುವುದು 14 ಪೌಂಡಿಗಿಂತಲೂ ಕಡಿಮೆ. ರಿಕರ್ವ್‌ನಲ್ಲಿ ಈ ರಿಯಾಯಿತಿಯಿಲ್ಲ; ಎಳೆದಷ್ಟೂ ಭಾರ ಏರುತ್ತದೆ, ಗುರಿ ನೋಡುವಷ್ಟು ಹೊತ್ತೂ ಅದನ್ನು ಹೊತ್ತೇ ನಿಲ್ಲಬೇಕು. ಸಾಲದ್ದಕ್ಕೆ, ಬಿಲ್ಲಿನ ಮೇಲೆ ಬರೆದಿರುವ ಪೌಂಡು ಸಾಮಾನ್ಯವಾಗಿ 28 ಅಂಗುಲದ ಎಳೆತಕ್ಕೆ ಸಂಬಂಧಿಸಿದ್ದು. ತೋಳು ನೀಳವಾದವನಿಗೆ ಅದೇ ಬಿಲ್ಲು ಇನ್ನೂ ಭಾರ. ನಮ್ಮ ಹುಡುಗ ಹಿಂದಿನ ಬೆಂಚಿನ ಉದ್ದ ಕೈಯವ.

ಪುರಾಣದವರ ಪೌಂಡು ಯಾರಿಗೆ ಗೊತ್ತು? ಇಂಗ್ಲೆಂಡಿನ ಒಂದು ಲೆಕ್ಕ ಮಾತ್ರ ಸಿಕ್ಕಿತು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಮೇರಿ ರೋಸ್ ಎಂಬ ಯುದ್ಧನೌಕೆಯಲ್ಲಿ ದೊರೆತ ನೀಳಬಿಲ್ಲುಗಳಲ್ಲಿ ಹೆಚ್ಚಿನವು 100 ಪೌಂಡಿಗೂ ಮೀರಿದ ಭಾರದವೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಅದೇ ಹಡಗಿನಲ್ಲಿ ಸಿಕ್ಕಿದ ಅನೇಕರ ಅಸ್ಥಿಪಂಜರಗಳಲ್ಲಿ ಭುಜದ ಮೂಳೆಯ ತುದಿ ಕೂಡಿಕೊಳ್ಳದೆ ಬೇರೆಯಾಗಿಯೇ ಉಳಿದಿದೆ. ಎಳೆಯ ವಯಸ್ಸಿನಿಂದ ಭಾರದ ಬಿಲ್ಲನ್ನು ಎಳೆದದ್ದೇ ಇದಕ್ಕೆ ಕಾರಣವಿರಬೇಕೆಂದು ಹೇಳುತ್ತಾರೆ. ಇದನ್ನು ನಾನು ಮೊದಲೇ ಓದಿದ್ದರೆ!

ಪಶ್ಚಾತ್ತಾಪದಿಂದ ಓದಲಾರಂಭಿಸಿದವನಿಗೆ ಬಿಲ್ಲಿನ ಬಾಗೇ ಒಂದು ಚರಿತ್ರೆಯಾಗಿ ಕಂಡಿತು. ರಿಕರ್ವ್ ಬಿಲ್ಲಿನ ತುದಿಗಳು ಬಿಲ್ಲುಗಾರನಿಂದ ಆಚೆಗೆ ಮರಳಿ ಬಾಗಿರುತ್ತವೆ. ಆದ್ದರಿಂದ ಗಿಡ್ಡ ಬಿಲ್ಲಿನಲ್ಲಿಯೂ ಹೆಚ್ಚು ಶಕ್ತಿಯನ್ನು ತುಂಬಬಹುದು. ಕುದುರೆಯ ಮೇಲೆ ಕುಳಿತವನಿಗೆ ಇದು ವರ. ಬರಿಯ ಮರ ಇಷ್ಟು ಬಾಗನ್ನು ತಾಳುವುದು ಕಷ್ಟ. ಮಧ್ಯ ಏಷ್ಯಾದ ಕುಶಲಿಗಳು ಮರದ ಒಳಮೈಗೆ ಕೊಂಬನ್ನೂ ಹೊರಮೈಗೆ ಪ್ರಾಣಿಗಳ ಸ್ನಾಯುವಿನ ಎಳೆಗಳನ್ನೂ ಅಂಟಿಸಿದರು: ಕೊಂಬು ಒತ್ತಡವನ್ನು ತಾಳುತ್ತದೆ, ಸ್ನಾಯು ಎಳೆತವನ್ನು. ಇಂಥ ಬಿಲ್ಲನ್ನು ಅದರ ಸಹಜವಾದ ಬಾಗಿಗೆ ವಿರುದ್ಧವಾಗಿ ಬಗ್ಗಿಸಿಯೇ ಹೆದೆಯೇರಿಸಬೇಕು. ಹಳೆಯ ಕಥೆಗಳಲ್ಲಿ ಹೆದೆಯೇರಿಸುವುದೇ ಒಂದು ಪಂದ್ಯವಾದದ್ದೇಕೆಂದು ನನಗೆ ಆಗ ಹೊಳೆಯಿತು. ಗ್ರೀಕರ ಒಡಿಸ್ಸಿಯಲ್ಲಿಯೂ ಹಾಗೆಯೇ. ಇಪ್ಪತ್ತು ವರ್ಷಗಳ ಮೇಲೆ ಮನೆಗೆ ಬಂದ ಒಡಿಸ್ಯೂಸ್ ತನ್ನ ಬಿಲ್ಲನ್ನು ತಿರುತಿರುಗಿಸಿ ನೋಡುವುದು ಕೊಂಬನ್ನು ಹುಳು ತಿಂದಿದೆಯೇ ಎಂದು!

ನಮ್ಮಲ್ಲಿ ಹುಳುವಿಗಿಂತ ದೊಡ್ಡ ಶತ್ರು ಮಳೆ. ಅರ್ಥಶಾಸ್ತ್ರದಲ್ಲಿ (1909ರಲ್ಲಿ ಅದನ್ನು ಮೊದಲು ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟವರು ನಮ್ಮ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಎಂಬುದನ್ನು ನಾನು ಪ್ರತಿವರ್ಷ ಹೇಳುತ್ತಿದ್ದೆ, ನೆನಪಿದೆಯೆ?) ಕೌಟಿಲ್ಯ ಬಿಲ್ಲಿಗೆ ನಾಲ್ಕು ದ್ರವ್ಯಗಳನ್ನು ಹೇಳುತ್ತಾನೆ: ತಾಳೆ, ಬಿದಿರು, ಮರ, ಕೊಂಬು. ಕೊಂಬಿನ ಬಿಲ್ಲನ್ನು ಹಿಡಿದಿಡುವುದು ಪ್ರಾಣಿಜನ್ಯವಾದ ಅಂಟು. ತೇವಕ್ಕೆ ಅದು ಸಡಿಲವಾಗುತ್ತದೆ. ಹಾಗೆಂದು ಬಿದಿರಿಗೂ ಮರಕ್ಕೂ ಮಳೆಯಿಂದ ಪೂರ್ಣ ರಕ್ಷಣೆಯಿಲ್ಲ. ಭಾರತದ ಕಾಲಾಳಿನ ಬಿಲ್ಲು ಆಳಿನಷ್ಟೇ ಎತ್ತರ, ಅದನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಎಳೆಯುತ್ತಿದ್ದರು ಎಂದು ಅರಿಯನ್ ಬರೆದಿದ್ದಾನೆ. ಕ್ರಿ.ಪೂ. 326ರಲ್ಲಿ ಪುರೂರವ ಅಲೆಕ್ಸಾಂಡರನೊಡನೆ ಕಾದಿದ ದಿನ ಮಳೆಗೆ ನೆಲ ಜಾರುತ್ತಿದ್ದುದರಿಂದ ಆ ಬಿಲ್ಲುಗಳನ್ನು ಊರುವುದೇ ಕಷ್ಟವಾಯಿತೆಂದು ಕರ್ಟಿಯಸ್ ಹೇಳುತ್ತಾನೆ. ನಾನು ತರಗತಿಯಲ್ಲಿ ಆನೆಗಳು ಹಿಂದಿರುಗಿ ತುಳಿದದ್ದನ್ನಷ್ಟೇ ವರ್ಣಿಸಿದೆ.

ಮುಂದೆ ಮೊಗಲರ ಕಾಲದಲ್ಲಿ ಈ ನೆಲದ ಕಮ್ಮಾರರು ಮಳೆಗೆ ಒಂದು ಉತ್ತರ ಕಂಡುಕೊಂಡರು: ಉಕ್ಕಿನ ಬಿಲ್ಲು. ಆಕಾರ ಕೊಂಬಿನ ಬಿಲ್ಲಿನದೇ. ಬಾಣದ ವೇಗ ಕಡಿಮೆಯಾದರೂ ಆಯುಧಶಾಲೆಯಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಕೆಲವನ್ನು ನಡುವೆ ತಿರುಪು ಬಿಚ್ಚಿ ಎರಡು ತುಂಡು ಮಾಡಿಡಬಹುದಾಗಿತ್ತು.

ಇದನ್ನೆಲ್ಲ ಶಿಷ್ಯನಿಗೆ ಬರೆದು, ಕ್ಷಮೆಯನ್ನೂ ಕೇಳಿದೆ. ಕಳೆದ ಆಷಾಢದಲ್ಲಿ ಆತ ಊರಿಗೆ ಬಂದ. ಚೀಲದಿಂದ ಮೂರು ತುಂಡು ತೆಗೆದ: ನಡುವೆ ಮರದ ಹಿಡಿ, ಎರಡು ಕಡೆಗೆ ಫೈಬರ್ ಗ್ಲಾಸ್ ಹೊದಿಸಿದ ತೋಳುಗಳು. ಒಟ್ಟು 30 ಪೌಂಡು. ಸೋನೆಮಳೆ ಹಿಡಿದಿದ್ದರೂ ಅವನಿಗೆ ಚಿಂತೆಯಿರಲಿಲ್ಲ. ಜಗಲಿಯಲ್ಲಿ ಹೆದೆಯೇರಿಸಿ ನನ್ನ ಕೈಗಿತ್ತ. ಎಳೆದೆ. ಮೂಗಿನ ತನಕ ಬಂದು ತೋಳು ನಡುಗಿತು.

“ಬಿಡಬೇಡಿ ಸಾರ್!” ಎಂದು ಕೂಗಿಕೊಂಡ. ಬಾಣವಿಲ್ಲದೆ ಹೆದೆ ಬಿಟ್ಟರೆ ಬಿಲ್ಲೇ ಸೀಳಬಹುದಂತೆ. ತನ್ನ ಕೈಯನ್ನು ನನ್ನ ಕೈಯ ಮೇಲಿಟ್ಟು ಮೆಲ್ಲನೆ ಹೆದೆಯನ್ನು ಹಿಂದಕ್ಕೆ ಇಳಿಸಿದ. ಬಲಗೈ. ಭುಜ ಈಗ ನೋಯುವುದಿಲ್ಲವೆಂದ.