ನುಣುಚಿಕೊಳ್ಳಲಿಕ್ಕೂ ಎದುರಿಗೆ ಬರಬೇಕು

ಪತ್ರಕರ್ತರ ಪ್ರಶ್ನೆಯಿಂದ ನುಣುಚಿಕೊಳ್ಳುವುದು ರಾಜಕಾರಣಿಗಳಿಗೆ ಹೊಸದೇನಲ್ಲ. ನಮ್ಮ ಪ್ರಧಾನಿಗಳ ಪತ್ರಿಕಾಗೋಷ್ಠಿಗಳನ್ನು ಒಂದರ ಹಿಂದೊಂದು ಇಟ್ಟು ನೋಡಿದರೆ ಬದಲಾಗಿರುವುದು ಬೇರೆಯೇ: ನುಣುಚಿಕೊಳ್ಳಲಿಕ್ಕಾದರೂ ಎದುರಿಗೆ ಬಂದು ಕೂರುವ ರೂಢಿ ತಪ್ಪಿದೆ.

ನೆಹರೂ ನಿಯಮಿತವಾಗಿ ಪತ್ರಕರ್ತರನ್ನು ಕರೆಯುತ್ತಿದ್ದರು. ಆ ಪ್ರಶ್ನೋತ್ತರಗಳು ಅವರ ಆಯ್ದ ಬರಹಗಳ ಸಂಪುಟಗಳಲ್ಲಿ ಅಚ್ಚಾಗಿವೆ. ಅವರ ಅಸ್ತ್ರ ದೀರ್ಘ ಉತ್ತರ. ಇತಿಹಾಸ, ವಿದೇಶಾಂಗ ನೀತಿ ಎಲ್ಲವನ್ನೂ ಸುತ್ತಿ ಬರುವಷ್ಟರಲ್ಲಿ ಕೇಳಿದವರಿಗೇ ತಮ್ಮ ಪ್ರಶ್ನೆ ಮರೆತಿರಬೇಕು! ಇಂದಿರಾ ಗಾಂಧಿ ಇದಕ್ಕೆ ತದ್ವಿರುದ್ಧ, ಚುಟುಕು ಮಾತಿನವರು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿಯ ಜೊತೆಗೆ ಸೆನ್ಸಾರ್ ಬಂದ ಮೇಲೆ ಪ್ರಶ್ನೆಗೇ ಹೆಚ್ಚು ಬೆಲೆ ಉಳಿಯಲಿಲ್ಲ.

ಥಟ್ಟನೆ ಆಡಿದ ಉತ್ತರ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ 1987ರ ಜನವರಿಯ ದೆಹಲಿ ಗೋಷ್ಠಿ ಸಾಕ್ಷಿ. ಪ್ರಧಾನಿಯ ಪಾಕಿಸ್ತಾನ ಭೇಟಿಯ ಬಗ್ಗೆ ವಿದೇಶಾಂಗ ಕಾರ್ಯದರ್ಶಿ ಎ.ಪಿ. ವೆಂಕಟೇಶ್ವರನ್ ಹೇಳಿದ್ದಕ್ಕೂ ರಾಜೀವ್ ಗಾಂಧಿ ಹೇಳಿದ್ದಕ್ಕೂ ತಾಳೆಯಾಗುತ್ತಿಲ್ಲವಲ್ಲ ಎಂದು ಪಾಕಿಸ್ತಾನದ ಪತ್ರಕರ್ತರೊಬ್ಬರು ಕೇಳಿದರು. ನೀವು ಸದ್ಯದಲ್ಲೇ ಹೊಸ ಕಾರ್ಯದರ್ಶಿಯ ಜೊತೆ ಮಾತಾಡುತ್ತೀರಿ ಎಂದುಬಿಟ್ಟರು ರಾಜೀವ್. ವೆಂಕಟೇಶ್ವರನ್ ಅದೇ ದಿನ ರಾಜೀನಾಮೆ ಕೊಟ್ಟರು. ಹಿರಿಯ ಅಧಿಕಾರಿಯನ್ನು ತುಂಬಿದ ಸಭೆಯಲ್ಲಿ ಹೀಗೆ ಕಳಿಸಿದ್ದು ಸಣ್ಣತನ. ಹಾಗಿದ್ದರೂ ಪ್ರಧಾನಿಯ ಮನಸ್ಸಿನಲ್ಲಿದ್ದದ್ದನ್ನು ಹೊರಗೆಳೆದದ್ದು ಒಂದು ಪ್ರಶ್ನೆಯೇ.

ವಾಜಪೇಯಿ ಉತ್ತರಕ್ಕೆ ಮೊದಲು ಕೊಡುತ್ತಿದ್ದ ಬಿಡುವೇ ಅರ್ಧ ಉತ್ತರ. ಮೌನಿ ಎಂದು ಗೇಲಿಗೊಳಗಾದ ಮನಮೋಹನ್ ಸಿಂಗ್, 2014ರ ಜನವರಿ 3ರಂದು ದೆಹಲಿಯಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ ಕೂತು ಹಗರಣ, ಬೆಲೆ ಏರಿಕೆ, ತಮ್ಮ ದುರ್ಬಲ ನಾಯಕತ್ವ ಎಲ್ಲದರ ಬಗ್ಗೆಯೂ ಕೇಳಿಸಿಕೊಂಡರು. ಈಗಿನ ಮಾಧ್ಯಮಗಳಿಗಿಂತ ಇತಿಹಾಸ ತಮ್ಮ ಬಗ್ಗೆ ಹೆಚ್ಚು ದಯೆ ತೋರೀತು ಎಂದರು. ತಗ್ಗಿದ ದನಿ, ಆದರೆ ಒಬ್ಬರ ಮೇಲೂ ರೇಗಲಿಲ್ಲ.

ನಂತರದ್ದು ಗೊತ್ತಿರುವ ಕಥೆ. ನರೇಂದ್ರ ಮೋದಿ ಸಂದರ್ಶನ ಕೊಡುತ್ತಾರೆ, ರೇಡಿಯೋದಲ್ಲಿ ಮಾತಾಡುತ್ತಾರೆ. ಮುಕ್ತ ಪತ್ರಿಕಾಗೋಷ್ಠಿ ಮಾತ್ರ ಇಲ್ಲ. 2019ರ ಮೇ 17ರಂದು ಪಕ್ಷದ ಕಚೇರಿಯ ಗೋಷ್ಠಿಗೆ ಬಂದರೂ, ತಮಗೆ ಬಂದ ಪ್ರಶ್ನೆಯನ್ನು ಶಿಸ್ತಿನ ಸಿಪಾಯಿಯ ನೆಪ ಹೇಳಿ ಪಕ್ಕದಲ್ಲಿದ್ದ ಅಧ್ಯಕ್ಷ ಅಮಿತ್ ಶಾ ಅವರಿಗೆ ದಾಟಿಸಿದರು. 2023ರ ಜೂನ್‌ನಲ್ಲಿ ಅಲ್ಪಸಂಖ್ಯಾತರ ಹಕ್ಕಿನ ಬಗ್ಗೆ ನೇರ ಪ್ರಶ್ನೆ ಎದುರಾದದ್ದು ಶ್ವೇತಭವನದಲ್ಲಿ, ಅಲ್ಲಿನ ಪದ್ಧತಿಯಿಂದಾಗಿ.

ಬೆಂಗಳೂರಿನಲ್ಲಿ ಗೋಷ್ಠಿಗಳಿಗೇನೂ ಬರವಿಲ್ಲ. ಆದರೆ ಕಾರಿನ ಬಾಗಿಲಲ್ಲಿ, ವಿಧಾನಸೌಧದ ಮೆಟ್ಟಿಲ ಮೇಲೆ, ಹತ್ತಾರು ಮೈಕುಗಳ ನಡುವೆ ಕೊಡುವ ‘ಬೈಟ್’ ಅವುಗಳ ಜಾಗ ಹಿಡಿಯುತ್ತಿದೆ. ‘ಅದು ಹೈಕಮಾಂಡ್‌ಗೆ ಬಿಟ್ಟದ್ದು’, ‘ಕೇಸು ಕೋರ್ಟಿನಲ್ಲಿದೆ’, ‘ಅವರನ್ನೇ ಕೇಳಿ’ ಎಂಬ ಸಿದ್ಧ ಉತ್ತರಗಳು ಪಕ್ಷಭೇದವಿಲ್ಲದೆ ಓಡುತ್ತವೆ. ಸಿಟ್ಟು ಬಂದರೆ ‘ನೀವು ಯಾವ ಚಾನೆಲ್ಲು?’ ಎಂಬ ಮರುಪ್ರಶ್ನೆ. ಕೇಳಿದವರು ಮುಜುಗರದಿಂದ ಹಿಂದೆ ಸರಿಯುವಷ್ಟರಲ್ಲಿ ಇನ್ನೊಬ್ಬರು ಸಂಪುಟ ವಿಸ್ತರಣೆಯ ವಿಷಯ ಎತ್ತಿರುತ್ತಾರೆ. ನಾಯಕರು ಬಚಾವಾಗುವುದು ಹೀಗೆ.

ಆದ್ದರಿಂದ ವರದಿಗಾರ ಮಿತ್ರರಲ್ಲಿ ಒಂದೇ ಕೋರಿಕೆ: ಪಕ್ಕದವರ ಪ್ರಶ್ನೆಗೆ ಉತ್ತರ ಸಿಗದಿದ್ದರೆ, ನಿಮ್ಮ ಪ್ರಶ್ನೆಯನ್ನು ಬದಿಗಿಟ್ಟು ಅದನ್ನೇ ಇನ್ನೊಮ್ಮೆ ಕೇಳಿ.